ಗ್ರೀಕ್ ಸ್ತುತಿಗಳ ಕೊನೆಯಲ್ಲಿ ಬರುವ ‘ಖೈರೆ’: ಕನ್ನಡದಲ್ಲಿ ಏನನ್ನೋಣ?

ಆಮೆಚಿಪ್ಪು:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ನನಗೊಂದು ಹುಚ್ಚು ಹಿಡಿದಿದೆ. ಹಳೆಯ ಗ್ರೀಕರ ದೇವರ ಸ್ತುತಿಗಳಲ್ಲಿ ಹರ್ಮೆಸ್ ಮೇಲಿನದನ್ನು ಅಕ್ಕನ ಮಗಳಿಗೆ ಓದಿ ಹೇಳೋಣ ಅಂತ ಕನ್ನಡಕ್ಕೆ ತರುತ್ತಿದ್ದೇನೆ. ಅವಳಿಗೆ 9 ವರ್ಷ. ನನ್ನ ಗ್ರೀಕ್ ಅರೆಬರೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಎರಡು ಇಂಗ್ಲಿಷ್ ಅನುವಾದ ತಾಳೆ ನೋಡಿಕೊಂಡು ಹೇಗೋ ಸಾಗಿದೆ. ಒಟ್ಟು 580 ಸಾಲು. 578 ಮುಗಿದಿವೆ. ಕೊನೆಯ ಎರಡರಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ‘ಹೋಮರನ ಸ್ತುತಿಗಳು’ ಅಂತ 33 ಹಾಡುಗಳ ಒಂದು ಕಟ್ಟು ಇದೆ. ಹೆಸರಿಗಷ್ಟೇ ಇಲಿಯಡ್ ಕಾವ್ಯದ ಹೋಮರ್, ಅವನದಲ್ಲ. ಉದ್ದನೆಯವು ಹೆಚ್ಚಾಗಿ ಕ್ರಿ.ಪೂ. 7 ಮತ್ತು 6ನೇ ಶತಮಾನದವು. ಬರೀ ಮೂರು ಸಾಲಿನದೂ ಒಂದಿದೆ.

ಹರ್ಮೆಸ್ ಕಥೆ ಮಜವಾಗಿದೆ. ಬೆಳಗ್ಗೆ ಹುಟ್ಟಿದ, ಮಧ್ಯಾಹ್ನ ಲೈರ್ ಅನ್ನೋ ತಂತಿವಾದ್ಯ ನುಡಿಸಿದ, ಸಂಜೆ ಅಣ್ಣ ಅಪೊಲೊನ ದನ ಕದ್ದ. ಒಂದೆರಡಲ್ಲ, 50. ಹೆಜ್ಜೆ ಗುರುತು ಸಿಗಬಾರದು ಅಂತ ದನಗಳನ್ನು ಹಿಮ್ಮುಖವಾಗಿ ನಡೆಸಿದ. ತನ್ನ ಕಾಲಿಗೆ ಸೊಪ್ಪು ಕಡ್ಡಿ ಹೆಣೆದು ಚಪ್ಪಲಿ ಮಾಡಿಕೊಂಡ. ರಾತ್ರಿ ಮನೆಗೆ ಬಂದವನು ಬೀಗದ ಕಿಂಡಿಯಿಂದ ಮಂಜಿನ ಹಾಗೆ ನುಸುಳಿ, ತೊಟ್ಟಿಲಲ್ಲಿ ಬಟ್ಟೆ ಸುತ್ತಿಕೊಂಡು ಏನೂ ಗೊತ್ತಿಲ್ಲದವನ ಹಾಗೆ ಮಲಗಿಬಿಟ್ಟ.

ಈಗ ಕೊನೆಯ ಎರಡು ಸಾಲು, ಪದಕ್ಕೆ ಪದ:
‘ಹೀಗೆ ನೀನು ಖೈರೆ, ಜೀಯಸ್ ಮತ್ತು ಮೈಯಾಳ ಮಗನೇ;
ನಾನಾದರೋ ನಿನ್ನನ್ನೂ ನೆನೆಯುವೆ, ಇನ್ನೊಂದು ಹಾಡನ್ನೂ.’

(‘ಜ್ಯೂಸ್’ ಅಂತ ಬರೆದರೆ ಕಬ್ಬಿನ ಹಾಲಿನ ಗಾಡಿ ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಜೀಯಸ್.)

ಈ ‘ಖೈರೆ’ಗೆ ಏನು ಹಾಕಲಿ? ನಮಸ್ಕಾರ? ಜಯ? ಇಂಗ್ಲಿಷಿನವರು ಒಬ್ಬೊಬ್ಬರು ಒಂದೊಂದು ಹಾಕಿದ್ದಾರೆ. ‘ನಮೋ ನಮಃ’ ಅಂತ ಬರೆದು ನೋಡಿದೆ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ ಆಗುತ್ತಿದೆ.

ನಿಧಾನಸ್ಥ:
‘ನಮೋ’ ಖಂಡಿತ ಬೇಡ. ಅದರಲ್ಲಿ ಬಾಗುವುದು ಇದೆ. ಖೈರೆಯಲ್ಲಿ ಅದಿಲ್ಲ. ಗ್ರೀಕರು ದೇವರ ಮುಂದೆ ಸಾಮಾನ್ಯವಾಗಿ ನಿಂತುಕೊಂಡೇ, ಕೈ ಮೇಲೆತ್ತಿ ಬೇಡುತ್ತಿದ್ದರು.

ಧಾತುವಿನ ಅರ್ಥ ಸಂತೋಷಪಡು. ‘ಖೈರೆ’ ಅಂದರೆ ‘ಖುಷಿಯಾಗಿರು’. ಬೀದಿಯಲ್ಲಿ ಎದುರಾದವನಿಗೂ ಇದನ್ನೇ ಹೇಳುತ್ತಿದ್ದರು, ಹೊರಟವನಿಗೂ ಇದನ್ನೇ. ದ್ರಾಕ್ಷಾರಸದ ಬಟ್ಟಲುಗಳ ಮೇಲೆ ‘ಖೈರೆ, ಕುಡಿ’ ಅಂತ ಬರೆದಿರುವುದು ಸಿಕ್ಕಿದೆ. ಗೋರಿಕಲ್ಲುಗಳ ಮೇಲೂ ಅದೇ ಪದ. ಇವತ್ತಿಗೂ ಗ್ರೀಸಿನಲ್ಲಿ ಸ್ವಲ್ಪ ಮರ್ಯಾದೆಯಿಂದ ಮಾತಾಡಿಸುವಾಗ ‘ಹೇರೆತೆ’ ಅನ್ನುತ್ತಾರೆ, ಅದೂ ಇದೇ ಪದ.

ಇನ್ನೊಂದು ವಿಷಯ. ಇದೇ ಬೇರಿನಿಂದ ‘ಖರಿಸ್’ ಅನ್ನೋ ಪದ ಬಂದಿದೆ. ಚೆಲುವು, ಉಪಕಾರ, ಉಪಕಾರದ ನೆನಪು, ಮೂರೂ ಅದರೊಳಗಿವೆ. ಹಾಡು ದೇವರಿಗೆ ಕೊಡುವ ಉಡುಗೊರೆ. ಎಣ್ಣೆ, ಹಾಲು, ಹೋರಿ ಕೊಟ್ಟ ಹಾಗೆ ಹಾಡು ಕೊಡುವುದು. ಕೇಳಿ ದೇವರಿಗೆ ಖುಷಿಯಾಗಬೇಕು, ಆಮೇಲೆ ಅವನೂ ಏನಾದರೂ ಕೊಡಬೇಕು. ಹಾಗಾಗಿ ಕೊನೆಯಲ್ಲಿ ‘ಖೈರೆ’ ಅನ್ನುವವನು ಕೈಮುಗಿಯುತ್ತಿಲ್ಲ. ‘ಹಾಡಿದ್ದೇನೆ, ಖುಷಿಪಡು’ ಅನ್ನುತ್ತಿದ್ದಾನೆ.

ನನ್ನ ಓಟು ‘ನಲಿ’ಗೆ.

ಪಡುಕಡಲು:
ನಿಧಾನಸ್ಥ ಮೇಷ್ಟ್ರು ಹೇಳಿದ್ದು ಸರಿ. ಆದರೆ ಎರಡನೇ ಸಾಲನ್ನು ಯಾರೂ ಮುಟ್ಟಲಿಲ್ಲವಲ್ಲ ಮಾರಾಯ್ರೆ! ‘ನಿನ್ನನ್ನೂ ನೆನೆಯುವೆ, ಇನ್ನೊಂದು ಹಾಡನ್ನೂ.’ ಇನ್ನೊಂದು ಹಾಡು ಯಾವುದು?

ನಮ್ಮ ಕಡೆ ಯಕ್ಷಗಾನದ ಆಟ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಮೊದಲು ಸಭಾಲಕ್ಷಣ, ಗಣಪತಿ ಸ್ತುತಿ, ಆಮೇಲೆ ಪ್ರಸಂಗ. ಅಲ್ಲೂ ಹಾಗೇ. ಪೆಲೊಪೊನೀಸಿಯನ್ ಯುದ್ಧದ ಇತಿಹಾಸ ಬರೆದ ಥ್ಯುಸಿಡಿಡೀಸ್ ಮೂರನೇ ಭಾಗದಲ್ಲಿ ಅಪೊಲೊ ಸ್ತುತಿಯ ಕೆಲವು ಸಾಲು ಎತ್ತಿ ಹೇಳುತ್ತಾನೆ. ಅದನ್ನು ಕರೆಯುವುದು ‘ಪ್ರೊಯ್ಮಿಯೊನ್’ ಅಂತ, ಅಂದರೆ ಮುನ್ನುಡಿ ಹಾಡು. ಹಬ್ಬದಲ್ಲಿ ಕಥೆ ಹಾಡುವವನು ಮೊದಲು ಆ ಊರಿನ ದೇವರಿಗೆ ಒಂದು ಹಾಡಿ, ಆಮೇಲೆ ಟ್ರಾಯ್ ಯುದ್ಧದ ಕಥೆಗೆ ಇಳಿಯುತ್ತಿದ್ದ. ಪ್ರೇಮದ ದೇವಿ ಅಫ್ರೊಡೈಟಿಯ ಸ್ತುತಿಯ ಕೊನೆಯಲ್ಲಿ ಇದು ಇನ್ನೂ ಸ್ಪಷ್ಟ: ‘ನಿನ್ನಿಂದ ಶುರು ಮಾಡಿದೆ, ಈಗ ಬೇರೆ ಹಾಡಿಗೆ ದಾಟುತ್ತೇನೆ.’

ಹಾಗಾದರೆ ಇದು ಮುಗಿಸುವ ಮಾತಲ್ಲ. ನಾವು ಯಾರ ಮನೆಯಿಂದಾದರೂ ಹೊರಡುವಾಗ ‘ಹೋಗ್ತೇನೆ’ ಅನ್ನುತ್ತೇವಾ? ಅಜ್ಜಿ ಬೈದುಬಿಡುತ್ತಾರೆ. ‘ಬರ್ತೇನೆ’ ಅನ್ನಬೇಕು. ಈ ಹಾಡುಗಾರನೂ ದೇವರಿಗೆ ‘ಬರ್ತೇನೆ’ ಅನ್ನುತ್ತಿದ್ದಾನೆ ಅಂತ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಅದನ್ನು ಎಲ್ಲಾದರೂ ಸೇರಿಸಿ.

ಆಮೆಚಿಪ್ಪು:
ಅಯ್ಯೋ, ನಾಲ್ಕು ತಿಂಗಳಲ್ಲಿ ನನಗಿದು ಹೊಳೆಯಲೇ ಇಲ್ಲ!

ನಿಧಾನಸ್ಥ:
‘ಬರ್ತೇನೆ’ ಚೆನ್ನಾಗಿದೆ. ಆದರೆ ಮುನ್ನುಡಿ ಅನ್ನೋ ಮಾತಿಗೆ ಒಂದು ತಕರಾರು. ಮೂರು, ಐದು, ಹತ್ತು ಸಾಲಿನವಕ್ಕೆ ಅದು ಒಪ್ಪುತ್ತದೆ. 580 ಸಾಲಿಗೂ ಮುನ್ನುಡಿ ಅನ್ನುತ್ತೀರಾ? ಅಪೊಲೊನದು 546, ಬೆಳೆಯ ದೇವಿ ಡಿಮೀಟರ್‌ದು 495. ಇವು ತಾವೇ ಒಂದೊಂದು ಪ್ರಸಂಗ. ಕೊನೆಯ ಸಾಲು ರೂಢಿಯಿಂದ ಉಳಿದುಕೊಂಡಿರಬೇಕು.

ಅಪೊಲೊ ಸ್ತುತಿ ಅಂದ ಕೂಡಲೇ ನೆನಪಾಯಿತು. ಡೆಲೊಸ್ ದ್ವೀಪದ ಹಬ್ಬದಲ್ಲಿ ಹಾಡುವವನು ಅಲ್ಲಿನ ಹುಡುಗಿಯರಿಗೆ ಹೇಳುತ್ತಾನೆ: ‘ಯಾರಾದರೂ ಪರಸ್ಥಳದವರು ಬಂದು, ನಿಮಗೆ ಯಾರ ಹಾಡು ಜಾಸ್ತಿ ಇಷ್ಟ ಅಂತ ಕೇಳಿದರೆ, ಕಲ್ಲುಗಾಡು ಖಿಯೊಸ್‌ನ ಕುರುಡ ಅಂತ ಹೇಳಿ.’ ಥ್ಯುಸಿಡಿಡೀಸ್ ಇದನ್ನು ಹೋಮರ್ ತನ್ನ ಬಗ್ಗೆಯೇ ಹೇಳಿಕೊಂಡಿದ್ದು ಅಂತ ನಂಬಿದ್ದ. ಹೋಮರ್ ಕುರುಡ ಅನ್ನೋ ಮಾತು ಗಟ್ಟಿಯಾಗುವುದರಲ್ಲಿ ಈ ಸಾಲಿನ ಪಾಲು ದೊಡ್ಡದು. ದೇವರ ಸ್ತುತಿಯ ಮಧ್ಯೆ ತನ್ನದೂ ಒಂದು ಜಾಹೀರಾತು!

ಖಂಡಛಾಪು:
ನಾನು ಮೃದಂಗದವನು, ಗ್ರೀಕ್ ಬರುವುದಿಲ್ಲ. ಆ ಸಾಲಿನ ಮೂಲ ಕನ್ನಡ ಲಿಪಿಯಲ್ಲಿ ಹಾಕುತ್ತೀರಾ? ಎಣಿಸಿ ನೋಡಬೇಕು.

ಆಮೆಚಿಪ್ಪು:
‘ಕೈ ಸು ಮೆನ್ ಹೂತೋ ಖೈರೆ ದಿಒಸ್ ಕೈ ಮೈಅದೊಸ್ ಹುಯ್‌ಎ.’

ಒಂದು ಖುಷಿಯ ವಿಷಯ ಹೇಳಲೇಬೇಕು. ಹಳೆಯ ಗ್ರೀಕಿನಲ್ಲಿ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ, ಬೇರೆ ಬೇರೆ ಅಕ್ಷರಗಳೇ ಇವೆ. ನಮ್ಮಲ್ಲೂ ಇವೆ. ಖ, ಥ, ಫ ಇವೂ ಆ ಕಾಲದಲ್ಲಿ ಮಹಾಪ್ರಾಣಗಳೇ. ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡದಲ್ಲಿ ಬರೆದುಕೊಂಡರೆ ನನಗೆ ಸಲೀಸು. ಎಡವಟ್ಟಾಗುವುದು ಒಂದೇ, ‘ಸು’ನಲ್ಲಿರುವ ಉಕಾರ. ಅದನ್ನು ತುಟಿ ಉರುಟು ಮಾಡಿಕೊಂಡು ಇ ಅಂದ ಹಾಗೆ ಹೇಳಬೇಕು.

ಖಂಡಛಾಪು:
ಎಣಿಸಿದೆ. ಕೈ-ಸು-ಮೆ, ಗುರು ಲಘು ಲಘು. ಹೂ-ತೋ, ಎರಡು ಗುರು. ಖೈ-ರೆ-ದಿ, ಮತ್ತೆ ಗುರು ಲಘು ಲಘು. ಒಸ್-ಕೈ, ಎರಡು ಗುರು. ಮೈ-ಅ-ದೊ. ಹುಯ್-ಎ. ಇದು ಭಗಣ ಅಲ್ವಾ? ನಾಲ್ಕು ಮಾತ್ರೆಯ ಆರು ಗಣ. ‘ಮೆನ್’ ಮಾತ್ರ ಲೆಕ್ಕ ತಪ್ಪಿಸಿತು. ಅದರಲ್ಲಿ ನ್ ಇದೆಯಲ್ಲ, ಗುರು ಆಗಬೇಕಿತ್ತು.

ನಿಧಾನಸ್ಥ:
ಆ ನ್ ಮುಂದಿನ ಸ್ವರಕ್ಕೆ ಜಾರುತ್ತದೆ, ‘ಮೆ-ನ್ಹೂ’ ಅಂತ. ಹಕಾರವನ್ನು ಅಲ್ಲಿ ವ್ಯಂಜನ ಅಂತ ಲೆಕ್ಕ ಹಿಡಿಯುವುದಿಲ್ಲ. ಕೊನೆಯಲ್ಲಿ ‘ದೊಸ್’ನ ಸ್ ಕೂಡ ಹಾಗೇ. ಉಳಿದಂತೆ ನಿಮ್ಮ ಲೆಕ್ಕ ಸರಿ. ಕೊನೆಯ ಅಕ್ಷರ ಲಘುವಾದರೂ ಎಳೆದು ಗುರು ಮಾಡಿಕೊಳ್ಳಬಹುದು. ಎಲ್ಲ 33 ಹಾಡುಗಳದೂ ಇದೇ ಛಂದಸ್ಸು, ಇಲಿಯಡ್‌ನದೂ ಇದೇ.

ಖಂಡಛಾಪು:
ಸರಿ, ಈಗ ನನ್ನ ಸರದಿ. ನನಗೆ ಗ್ರೀಕ್ ಸ್ತುತಿ ಅಂದರೆ ಗೊತ್ತಿರುವುದು ಅಪೊಲೊನ ಕ್ಷೇತ್ರ ಡೆಲ್ಫಿಯದು ಮಾತ್ರ. ಯಾಕೆಂದರೆ ಅದಕ್ಕೆ ಸ್ವರ ಇದೆ!

1893ರಲ್ಲಿ ಫ್ರೆಂಚರು ಡೆಲ್ಫಿಯಲ್ಲಿ ಅಗೆಯುವಾಗ, ಅಥೆನ್ಸಿನವರು ಕಟ್ಟಿಸಿದ್ದ ಕಾಣಿಕೆ ಭಂಡಾರದ ದಕ್ಷಿಣ ಗೋಡೆಯ ಕಲ್ಲುಗಳು ಚೂರುಚೂರಾಗಿ ಸಿಕ್ಕವು. ಅದರ ಮೇಲೆ ಅಪೊಲೊನ ಎರಡು ಹಾಡು ಕೆತ್ತಿದ್ದರು. ಕ್ರಿ.ಪೂ. 128ರ ಸುಮಾರಿನವು. ಅಥೆನ್ಸಿನಿಂದ ಡೆಲ್ಫಿಗೆ ದೊಡ್ಡ ಮೆರವಣಿಗೆ ಹೋಗುತ್ತಿತ್ತು, ಆಗ ಹಾಡಿದ್ದು. ಒಂದನ್ನು ಕಟ್ಟಿದವನು ಅಥೆನಾಯೊಸ್, ಇನ್ನೊಂದನ್ನು ಲಿಮೆನಿಯೊಸ್. ಸಾಹಿತ್ಯದ ಸಾಲಿನ ಮೇಲೆ ಪುಟ್ಟ ಪುಟ್ಟ ಅಕ್ಷರಗಳಿವೆ, ನಾವು ಸರಿಗಮ ಬರೆದುಕೊಳ್ಳುವ ಹಾಗೆ. ಮೊದಲನೆಯದಕ್ಕೆ ಹಾಡುವವರ ಸ್ವರಲಿಪಿ, ಎರಡನೆಯದಕ್ಕೆ ವಾದ್ಯದವರದು. ಅವರಲ್ಲಿ ಎರಡೂ ಬೇರೆ ಬೇರೆ ಇದ್ದವು.

ನನ್ನ ಎದೆ ಝಲ್ ಅಂದಿದ್ದು ಎಲ್ಲಿ ಗೊತ್ತಾ? ಒಂದು ಅಕ್ಷರವನ್ನು ಎರಡು ಸ್ವರಕ್ಕೆ ಎಳೆಯಬೇಕಾದ ಕಡೆ ಕಲ್ಲಿನಲ್ಲೇ ಸಾಹಿತ್ಯದ ಆ ಅಕ್ಷರದ ಸ್ವರಭಾಗವನ್ನು ಎರಡು ಸಲ ಕೆತ್ತಿದ್ದಾರೆ. ‘ಫೊಯ್‌ಬೊನ್’ (ಅಪೊಲೊನ ಇನ್ನೊಂದು ಹೆಸರು) ಅನ್ನುವುದು ‘ಫೊಯೊಯ್‌ಬೊನ್’ ಆಗಿದೆ. ನಮ್ಮ ಗುರುಗಳು ನೋಟ್‌ಬುಕ್ಕಿನಲ್ಲಿ ‘ರಾ..ಆಮ’ ಅಂತ ಬರೆಸುತ್ತಿದ್ದರಲ್ಲ, ಅದೇ ಕೆಲಸ. ಆದರೆ ಉಳಿ ಹಿಡಿದು, ಅಮೃತಶಿಲೆಯ ಮೇಲೆ.

ತಾಳದ ಲೆಕ್ಕ ಐದು. ಗುರು ಲಘು ಗುರು, ನಮ್ಮ ರಗಣ. ತಾಂ ತ ತಾಂ, ತಾಂ ತ ತಾಂ. ನಮ್ಮ ಖಂಡ ಛಾಪು 2+3, ಇದು 2+1+2. ಒಡೆಯುವ ರೀತಿ ಬೇರೆ, ಮೊತ್ತ ಒಂದೇ. ಹೋದ ಭಾನುವಾರ ಊಟದ ಮೇಜಿನ ಮೇಲೆ ಕುಟ್ಟುತ್ತಿದ್ದೆ. ‘ಸಾರು ಚೆಲ್ಲುತ್ತೆ’ ಅಂತ ಮನೆಯವಳು ಪಾತ್ರೆ ಎತ್ತಿಕೊಂಡು ಹೋದಳು.

ಧೂಪದಾರತಿ:
ಕೇಳಲು ಎಲ್ಲಾದರೂ ಸಿಗುತ್ತದೆಯೇ ಸರ್?

ಖಂಡಛಾಪು:
ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ ಮೇಡಂ. ಆದರೆ ತಮಟೆ, ಗಂಟೆ, ಗುಂಯ್ ಅನ್ನೋ ಶ್ರುತಿ ಎಲ್ಲಾ ಈಗಿನವರು ಸೇರಿಸಿದ್ದು. ಕಲ್ಲಿನ ಮೇಲೆ ಅದೇನೂ ಇಲ್ಲ. ಈ ಚಾಳಿ ಹೊಸದೂ ಅಲ್ಲ. ಸಿಕ್ಕಿದ ಮರುವರ್ಷವೇ, 1894ರ ಜೂನ್‌ನಲ್ಲಿ, ಒಲಿಂಪಿಕ್ಸನ್ನು ಮತ್ತೆ ಶುರು ಮಾಡಲು ಪ್ಯಾರಿಸಿನಲ್ಲಿ ಸಭೆ ಸೇರಿದಾಗ ಇದನ್ನು ಹಾಡಿಸಿದರು. ಫೊರೆ ಅನ್ನೋ ಫ್ರೆಂಚ್ ಸಂಗೀತಗಾರ ಅದಕ್ಕೆ ಹಿಮ್ಮೇಳ ಕೂಡಿಸಿಕೊಟ್ಟ. ಒಂದೇ ಎಳೆಯ ಹಾಡಿಗೆ ಪಾಶ್ಚಾತ್ಯ ಹಾರ್ಮನಿ!

ಇನ್ನೊಂದು ತಮಾಷೆ. ಲಿಮೆನಿಯೊಸ್‌ನ ಹಾಡು ಕೊನೆಗೆ ಬೇಡಿಕೆಗೆ ಬರುತ್ತದೆ. ಅಥೆನ್ಸನ್ನು ಕಾಪಾಡು, ಡೆಲ್ಫಿಯನ್ನು ಕಾಪಾಡು, ಹಾಗೇ ರೋಮನ್ನರ ಆಳ್ವಿಕೆಯನ್ನೂ ಬೆಳೆಸು. ಆಗ ಗ್ರೀಸ್ ರೋಮಿನ ಕೈಗೆ ಹೋಗಿ ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಧೂಪದಾರತಿ:
ನನ್ನದೊಂದು ಗೋಳು ಕೇಳಿ. ನನಗೆ ಇಷ್ಟ ಪುರಾಣದ ಹಾಡುಗಾರ ಆರ್ಫಿಯಸ್ ಹೆಸರಿನ ಸ್ತುತಿಗಳು. ಒಟ್ಟು 87. ಇವು ತುಂಬಾ ಆಮೇಲಿನವು, ಕ್ರಿ.ಶ. 2-3ನೇ ಶತಮಾನದ ಹೊತ್ತಿಗೆ, ಈಗಿನ ಟರ್ಕಿಯ ಕಡೆ ಯಾವುದೋ ಒಂದು ಭಕ್ತರ ಗುಂಪು ರಾತ್ರಿ ಪೂಜೆಯಲ್ಲಿ ಹೇಳುತ್ತಿದ್ದವು ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಂದು ಪುಸ್ತಕ ತರಿಸಿದೆ. ರಟ್ಟು ಚೆನ್ನಾಗಿತ್ತು. ಒಳಗೆ ಅನುವಾದಕರ ಹೆಸರೇ ಇಲ್ಲ. ಓದಿದರೆ ಜೀಯಸ್ ಬದಲು ಎಲ್ಲಾ ಕಡೆ ಜೋವ್, ಡಿಮೀಟರ್ ಬದಲು ಸಿರೀಸ್ ಅಂತ ರೋಮನ್ ಹೆಸರುಗಳು, ಸಾಲುಸಾಲಿಗೂ ಪ್ರಾಸ! ಆಮೇಲೆ ಗೊತ್ತಾಯಿತು, ಅದು 18ನೇ ಶತಮಾನದ ಇಂಗ್ಲಿಷ್. ಹಕ್ಕುಸ್ವಾಮ್ಯ ಮುಗಿದಿದೆ ಅಂತ ಯಾರೋ ಸುಮ್ನೆ ಅಚ್ಚು ಹಾಕಿ ಮಾರುತ್ತಿದ್ದಾರೆ. ಅಂತರ್ಜಾಲದಲ್ಲಿ ಓಡಾಡುತ್ತಿರುವುದೂ ಬಹುಪಾಲು ಅದೇ. ತರಿಸುವ ಮೊದಲು ಅನುವಾದಕರ ಹೆಸರು ನೋಡಿ.

ಆದರೂ ಆ ಹಾಡುಗಳು ನನಗೆ ಯಾಕೆ ಇಷ್ಟ ಅಂದರೆ, ಹೆಚ್ಚಿನವುಗಳ ತಲೆಯ ಮೇಲೆ ಯಾವ ಧೂಪ ಹಾಕಬೇಕು ಅಂತ ಬರೆದಿದೆ. ಜೀಯಸ್‌ಗೆ ಸ್ಟೈರ್ಯಾಕ್ಸ್ ಅನ್ನೋ ಮರದ ಅಂಟು. (ನಮ್ಮ ಸಾಂಬ್ರಾಣಿಯ ಮರವೂ ಅದೇ ಕುಲದ್ದು.) ಸಮುದ್ರದ ಪೊಸೈಡನ್‌ಗೆ ಗಂಧರಸ. ರಾತ್ರಿ ದೇವಿಗೆ ಧೂಪವೇ ಇಲ್ಲ, ಉರಿಯುವ ಕೊಳ್ಳಿ. ಭೂಮಿತಾಯಿಗೆ ಎಲ್ಲಾ ಬಗೆಯ ಕಾಳು, ಅವರೆ ಜಾತಿಯ ಕಾಳು, ಸುಗಂಧದ್ರವ್ಯ ಬಿಟ್ಟು. ನಿದ್ದೆಯ ದೇವರಿಗೆ ಏನು ಹೇಳಿ ನೋಡೋಣ? ಗಸಗಸೆ! ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಳಗೆ ಕಥೆ ಜಾಸ್ತಿ ಇಲ್ಲ. ಬರೀ ಹೆಸರುಗಳು, ಒಂದರ ಹಿಂದೆ ಒಂದು, ಅಷ್ಟೋತ್ತರದ ಹಾಗೆ. ಕೊನೆಗೆ ಒಂದೆರಡು ಸಾಲಿನಲ್ಲಿ ‘ಬಾ, ಆರೋಗ್ಯ ಕೊಡು, ಒಳ್ಳೆಯ ಸಾವು ಕೊಡು’.

ನಿಧಾನಸ್ಥ:
ಕರೆ, ಕಥೆ ಅಥವಾ ಹೊಗಳಿಕೆ, ಬೇಡಿಕೆ. ಹೆಚ್ಚಿನವುಗಳ ಅಂಗಾಂಗ ಅಷ್ಟೇ. ಇದನ್ನೇ ಇಟ್ಟುಕೊಂಡು ಸ್ಯಾಫೊ ಏನು ಮಾಡಿದಳು ನೋಡಿ. ಲೆಸ್ಬೊಸ್ ದ್ವೀಪದ ಕವಿ. ಅಫ್ರೊಡೈಟಿಯನ್ನು ಕರೆಯುವ 28 ಸಾಲಿನ ಹಾಡು. ಅವಳದು ಪೂರ್ತಿಯಾಗಿ ಉಳಿದಿರುವುದು ಅದೊಂದೇ. ಉಳಿದಿದ್ದಾದರೂ ಯಾಕೆ? ಹ್ಯಾಲಿಕರ್ನಾಸಸ್‌ನ ಡಯೊನಿಸಿಯಸ್ ಅನ್ನೋ ಮೇಷ್ಟ್ರು ಒಳ್ಳೆಯ ಶೈಲಿಗೆ ಉದಾಹರಣೆ ಅಂತ ಇಡಿಯಾಗಿ ಬರೆದಿಟ್ಟಿದ್ದರಿಂದ.

‘ಹಿಂದೆ ಕರೆದಾಗ ಬಂದಿದ್ದೆಯಲ್ಲ, ಈಗಲೂ ಬಾ’ ಅನ್ನುತ್ತಾಳೆ. ಆಗ ದೇವಿ ಗುಬ್ಬಚ್ಚಿಗಳು ಎಳೆಯುವ ರಥದಲ್ಲಿ ಇಳಿದು ಬಂದು, ನಗುತ್ತಾ ಕೇಳಿದ್ದಳಂತೆ: ಈಗ ಮತ್ತೇನಾಯಿತು? ಈಗ ಮತ್ತೆ ಯಾಕೆ ಕರೆದೆ? ಈಗ ಮತ್ತೆ ಯಾರನ್ನು ಒಲಿಸಬೇಕು? ಆ ‘ಈಗ ಮತ್ತೆ’ ಮೂರು ಸಲ ಬರುತ್ತದೆ. ದಿನಾ ಸಾಲ ಕೇಳಲು ಬರುವ ಗೆಳತಿಯನ್ನು ಮಾತಾಡಿಸುವ ಧಾಟಿ. ಸ್ತುತಿಯೊಳಗೆ ದೇವರ ಬಾಯಿಂದ ಭಕ್ತೆಗೇ ಒಂದು ಗೇಲಿ.

ಪಡುಕಡಲು:
ಹರ್ಮೆಸ್ ಅಂದರೆ ನಮ್ಮ ಬೆಣ್ಣೆ ಕೃಷ್ಣನೇ ಅಲ್ವಾ? ಯಾರೂ ಹೇಳಲಿಲ್ಲ ಅಂತ ನಾನೇ ಹೇಳಿದೆ.

ನಿಧಾನಸ್ಥ:
ಹೇಳಿಯೇ ಹೇಳುತ್ತೀರಿ ಅಂತ ಕಾಯುತ್ತಿದ್ದೆ! ತೊಟ್ಟಿಲ ಕಳ್ಳ ಅನ್ನುವುದಷ್ಟೇ ಸಮ. ಕೃಷ್ಣ ಬೆಣ್ಣೆ ತಿನ್ನುತ್ತಾನೆ. ಹರ್ಮೆಸ್ ತಿನ್ನುವುದಿಲ್ಲ, ಅದೇ ಕಥೆಯ ಕೀಲು. ಆಲ್ಫಿಯೊಸ್ ನದಿಯ ಹತ್ತಿರ ಎರಡು ದನ ಕಡಿದು, ಸುಟ್ಟು, ಹನ್ನೆರಡು ಪಾಲು ಮಾಡುತ್ತಾನೆ. ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಆದರೂ ಮುಟ್ಟುವುದಿಲ್ಲ. ಯಾಕೆ? ಮಾಂಸ ತಿನ್ನುವವರು ಮನುಷ್ಯರು. ದೇವರಿಗೆ ಹೊಗೆ, ವಾಸನೆ, ಗೌರವ. ಇವನಿಗೆ ದೇವರ ಪಂಕ್ತಿಯಲ್ಲಿ ಒಂದು ಎಲೆ ಬೇಕು. ಕದ್ದಿದ್ದು ಅದಕ್ಕೆ. ಕೊನೆಗೆ ಲೈರ್ ಅಣ್ಣನಿಗೆ ಕೊಟ್ಟು, ದನ ಕಾಯುವ ಅಧಿಕಾರ ಪಡೆದು, ರಾಜಿ ಮಾಡಿಕೊಳ್ಳುತ್ತಾನೆ. ಒಂದು ರೀತಿ ಆಸ್ತಿ ಪಾಲಿನ ವ್ಯಾಜ್ಯ.

ಧೂಪದಾರತಿ:
ಅಪೊಲೊ ಎತ್ತಿಕೊಂಡಾಗ ಆ ಮಗು ಮಾಡುವ ಕೆಲಸದ ಬಗ್ಗೆ ಆಮೆಚಿಪ್ಪು ಅವರು ಜಾಣತನದಿಂದ ಸುಮ್ಮನಿದ್ದಾರೆ. 😄

ಆಮೆಚಿಪ್ಪು:
ಮೇಡಂ! ಸರಿ, ಹೇಳಿಬಿಡುತ್ತೇನೆ. ಅಪೊಲೊ ಎತ್ತಿಕೊಳ್ಳುತ್ತಾನೆ. ಮಗು ಬೇಕಂತಲೇ ಗಾಳಿ ಬಿಡುತ್ತದೆ, ಹಿಂದೆಯೇ ಒಂದು ಸೀನು. ಮೂಲದಲ್ಲಿ ‘ಹೊಟ್ಟೆಯ ದುಷ್ಟ ಸೇವಕ, ಪೋಕರಿ ದೂತ’ ಅಂತಿದೆ. ಹರ್ಮೆಸ್ ದೇವದೂತ ಆಗುವವನಲ್ಲ, ಅದಕ್ಕೇ ‘ದೂತ’ ಅನ್ನೋ ಪದ. ಅಪೊಲೊ ಕೈಬಿಟ್ಟು ಕೆಳಗೆ ಹಾಕುತ್ತಾನೆ. ಅಕ್ಕನ ಮಗಳು ಈ ಜಾಗವನ್ನು ಆರು ಸಲ ಓದಿಸಿದ್ದಾಳೆ.

ನಿಧಾನಸ್ಥ:
ಇಂಥದ್ದಕ್ಕೇ ಕ್ಸೆನೊಫನೀಸ್ ಅನ್ನೋ ಹಳೆಯ ಗ್ರೀಕ್ ತತ್ವಜ್ಞಾನಿ ಸಿಟ್ಟಾಗಿದ್ದು. ಕಳ್ಳತನ, ಹಾದರ, ಮೋಸ, ಮನುಷ್ಯರಲ್ಲಿ ಯಾವುದಕ್ಕೆ ನಾಚಿಕೆಪಡುತ್ತೇವೋ ಅದನ್ನೆಲ್ಲಾ ಹೋಮರ್, ಹೆಸಿಯಡ್ ಕವಿಗಳು ದೇವರ ತಲೆಗೆ ಕಟ್ಟಿದರು ಅಂದ. ನನಗೆ ವಯಸ್ಸಾಯಿತೋ ಏನೋ, ಈಗ ಹಿಡಿಸುವುದು ಕ್ಲಿಯಾಂಥೀಸ್‌ನ ಜೀಯಸ್ ಸ್ತುತಿ. ಮುಷ್ಟಿಕಾಳಗದವನಾಗಿದ್ದವನು. ಅಥೆನ್ಸಿಗೆ ಬಂದು ರಾತ್ರಿ ತೋಟಗಳಿಗೆ ನೀರು ಹೊತ್ತು, ಹಗಲು ಜೀನೊ ಹತ್ತಿರ ತತ್ವಶಾಸ್ತ್ರ ಕಲಿತ. 39 ಸಾಲು ಬರೆದಿಟ್ಟ. ಕಥೆ ಇಲ್ಲ, ದನ ಇಲ್ಲ, ಸೀನೂ ಇಲ್ಲ. ಕೇಳುವುದು ಒಂದೇ: ಮನುಷ್ಯರ ಅಜ್ಞಾನ ಕಳೆ. 9 ವರ್ಷದವರಿಗೆ ಓದಿ ಹೇಳಲು ಆಗದು, ಒಪ್ಪಿದೆ.

ರೈಲುಪಯಣ:
ತಡವಾಗಿ ಬಂದೆ. ನಾನು ಈಗ ನೆದರ್ಲೆಂಡ್ಸಿನಲ್ಲಿದ್ದೇನೆ. ಮೇಷ್ಟ್ರು ಹೆಸರೆತ್ತಿದ ಡಿಮೀಟರ್ ಸ್ತುತಿಯ ಒಂದೇ ಒಂದು ಹಸ್ತಪ್ರತಿ ಇರುವುದು ಇಲ್ಲಿನ ಲೈಡನ್‌ನಲ್ಲಿ. 1777ರಲ್ಲಿ ಮಾಸ್ಕೋದಲ್ಲಿ ಮಥೈ ಅನ್ನೋ ಜರ್ಮನ್ ವಿದ್ವಾಂಸನಿಗೆ ಸಿಕ್ಕಿತು. ಕೊಟ್ಟಿಗೆಯಲ್ಲಿ ಹಂದಿ, ಕೋಳಿಗಳ ಮಧ್ಯೆ ಬಿದ್ದಿತ್ತು ಅಂತ ಅವನು ಹೇಳಿಕೊಂಡ. ಅಲ್ಲಿನ ಗ್ರಂಥಭಂಡಾರಗಳಿಂದ ಹಾಳೆ, ಪುಸ್ತಕ ಎಗರಿಸುವುದು ಅವನ ಅಭ್ಯಾಸ ಅಂತ ನೂರು ವರ್ಷ ಕಳೆದ ಮೇಲೆ ಬಯಲಾಯಿತು. ಆಮೆಚಿಪ್ಪು ಅವರೇ, ನಿಮ್ಮ ಹರ್ಮೆಸ್ ಸ್ತುತಿಯೂ ಅದೇ ಹಸ್ತಪ್ರತಿಯಲ್ಲಿದೆ. ಕಳ್ಳರ ದೇವರ ಹಾಡು, ಸರಿಯಾದ ಕೈಗೇ ಸಿಕ್ಕಿತ್ತು.

ಆಮೆಚಿಪ್ಪು:
ಇದನ್ನು ನಾಳೆಯೇ ಅವಳಿಗೆ ಹೇಳುತ್ತೇನೆ!

ಕೊನೆಗೂ ಆ ಎರಡು ಸಾಲು ಕಟ್ಟಿದೆ. ನಾಲ್ಕು ಮಾತ್ರೆಯ ಆರು ಗಣ, ಮೂಲದ ಹಾಗೇ:

ನಲಿ ನೀ ಹೀಗೇ, ಜೀಯಸ ಮೈಯಾಳಿವರಾ ಮಗನೇ;
ನಿನ್ನನು ನೆನೆವೆನು, ಇನ್ನೊಂದನು ಹಾಡುತ ಬರುವೆನು ನಾ.

ಮೇಷ್ಟ್ರ ‘ನಲಿ’, ಪಡುಕಡಲಿನವರ ‘ಬರ್ತೇನೆ’, ಎರಡೂ ಇವೆ.

ಖಂಡಛಾಪು:
ಕುಟ್ಟಿ ನೋಡಿದೆ, ಎಲ್ಲೂ ಜಾರಲಿಲ್ಲ. ಈ ಸಲ ಮೇಜಿನ ಮೇಲೆ ಸಾರು ಇರಲಿಲ್ಲ.

ನಿಧಾನಸ್ಥ:
ಮೂಲದಲ್ಲಿ ಇನ್ನೊಂದು ಹಾಡನ್ನೂ ‘ನೆನೆಯುವುದು’, ನೀವು ‘ಹಾಡುತ’ ಮಾಡಿದ್ದೀರಿ. ‘ಮೈಯಾಳಿವರಾ’ ಸ್ವಲ್ಪ ಕುಂಟುತ್ತದೆ. ಆದರೂ ‘ಬರುವೆನು’ ಇರುವುದರಿಂದ ಸುಮ್ಮನಿರುತ್ತೇನೆ. ಮಗಳು ಏನಂದಳು?

ಆಮೆಚಿಪ್ಪು:
ರಾತ್ರಿ ಓದಿ ಹೇಳಿದೆ. ಕೊನೆಯ ಎರಡು ಸಾಲನ್ನು ಅವಳು ಗಮನಿಸಲೇ ಇಲ್ಲ. ಅವಳ ತಲೆ ಇನ್ನೂ ಶುರುವಿನಲ್ಲೇ ಇತ್ತು. ಹರ್ಮೆಸ್ ಅಂಗಳದ ಬಾಗಿಲಲ್ಲಿ ಹುಲ್ಲು ಮೇಯುತ್ತಿದ್ದ ಆಮೆಯನ್ನು ನೋಡಿ ನಗುತ್ತಾನಲ್ಲ, ‘ಬದುಕಿದ್ದರೆ ನೀನು ಮಾಟಕ್ಕೆ ತಡೆ, ಸತ್ತರೆ ಚೆನ್ನಾಗಿ ಹಾಡುತ್ತೀಯ’ ಅಂದು ಒಳಗೆ ಎತ್ತಿಕೊಂಡು ಹೋಗಿ, ಚಿಪ್ಪಿಗೆ ಕುರಿಯ ಕರುಳಿನ ಏಳು ತಂತಿ ಕಟ್ಟುತ್ತಾನಲ್ಲ, ಅಲ್ಲಿ.

‘ಆಮೆಗೆ ಯಾರೂ ಖೈರೆ ಹೇಳಲಿಲ್ವಾ?’ ಅಂತ ಕೇಳಿದಳು.

ಪುಸ್ತಕ ತೆಗೆದು ನೋಡಿದೆ. ಹೇಳಿದ್ದಾನೆ. 31ನೇ ಸಾಲು. ಕೊಲ್ಲುವ ಮೊದಲು.